ವೈಣಿಕ ಶಿಖಾಮಣಿ ಶೇಷಣ್ಣನವರು: ವಾದ್ಯಾಭ್ಯಾಸವೂ ಮಕ್ಕಳ ಶೀಲವೂ



ಕೆಲವು ತಿಂಗಳ ಹಿಂದೆ ಒಂದು ದ್ವಾದಶಿಯ ಬೆಳಗ್ಗೆ, ಪಾರಣೆ ಮುಗಿದು ಎಲ್ಲರೂ ಕಚೇರಿಗೆ ಹೊರಡುವ ಆತುರದಲ್ಲಿದ್ದಾಗ, ಅಬಿಡ್ಸ್‌ನ ನಮ್ಮ ಶಾಖಾಮಠದ ಜಗಲಿಯ ಮೇಲೆ ಒಬ್ಬ ಗೃಹಸ್ಥರು ನಮ್ಮನ್ನು ತಡೆದು ನಿಲ್ಲಿಸಿದರು. ರಾಯಚೂರು ಸೀಮೆಯಿಂದ ಎರಡು ತಲೆಮಾರಿನ ಹಿಂದೆ ಈ ನಗರಕ್ಕೆ ಬಂದು ನೆಲೆಸಿದ ಕುಟುಂಬ ಅವರದು. ಮಗಳು ಏಳು ವರ್ಷಗಳಿಂದ ವೀಣೆ ಕಲಿಯುತ್ತಿದ್ದಾಳೆ. ಈಗ ಹತ್ತನೆಯ ತರಗತಿ. ಮುಂದೆ ಇಂಟರ್‌ಮೀಡಿಯೆಟ್, ಅದರ ಬೆನ್ನಿಗೇ ಪ್ರವೇಶ ಪರೀಕ್ಷೆಗಳು. ವೀಣೆಯ ಪಾಠವನ್ನು ಸದ್ಯಕ್ಕೆ ನಿಲ್ಲಿಸುವುದೇ ಲೇಸೆಂದು ಅವರ ಮತ. ಬೇಡವೆಂದು ಮನೆಯಾಕೆಯ ಮತ. ಹಿರಿಯರಾದ ನಾವು ಏನು ಹೇಳುತ್ತೇವೆಂದು ಅವರು ಕೇಳಿದರು.

ಅಂದು ನಾವು ಸರಿಯಾದ ಉತ್ತರ ಕೊಡಲಿಲ್ಲ. ಯೋಚಿಸಿ ಹೇಳುವುದಾಗಿ ಹೇಳಿ ಕಳುಹಿಸಿದೆವು. ಈ ವಿಷಯದಲ್ಲಿ ಒಂದು ಕಾಲಕ್ಕೆ ನಾವೂ ಒಂದು ನಿರ್ಧಾರ ಮಾಡಿದವರೇ. ಅದು ಸರಿಯಿತ್ತೆ ಎಂಬುದು ನಮಗೇ ಇತ್ಯರ್ಥವಾಗಿರಲಿಲ್ಲ. ಆ ಬಳಿಕ ಮೈಸೂರಿನ ವೀಣೆ ಶೇಷಣ್ಣನವರ ಜೀವನ ವೃತ್ತಾಂತವನ್ನು ಮತ್ತೊಮ್ಮೆ ಮನಸ್ಸಿಗೆ ತಂದುಕೊಂಡೆವು. ಮಗುವಿನ ಕೈಗೆ ಬಂದ ವಾದ್ಯವು ಆ ಮಗುವಿನ ಸ್ವಭಾವವನ್ನು ಹೇಗೆ ತಿದ್ದಬಲ್ಲದೆಂಬುದಕ್ಕೆ ಅದಕ್ಕಿಂತ ಉಜ್ಜ್ವಲವಾದ ನಿದರ್ಶನವನ್ನು ನಾವು ಬೇರೆ ಕಾಣೆವು. ಆದಕಾರಣ ಈ ತಿಂಗಳ ಸಂಚಿಕೆಯಲ್ಲಿ ಆ ಮಹನೀಯರ ಚರಿತ್ರೆಯನ್ನೇ ಓದುಗರ ಮುಂದಿಡುತ್ತಿದ್ದೇವೆ.

ವಂಶ ಮತ್ತು ಬಾಲ್ಯ

ಶೇಷಣ್ಣನವರು 1852ರಲ್ಲಿ ಮೈಸೂರಿನಲ್ಲಿ ಜನಿಸಿದರು. ತಂದೆ ಚಿಕ್ಕರಾಮಪ್ಪನವರು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ವೈಣಿಕರು. ಭೈರವಿ ರಾಗದ ಅಟತಾಳ ವರ್ಣದಿಂದ ಇಂದಿಗೂ ಸಂಗೀತ ವಿದ್ಯಾರ್ಥಿಗಳೆಲ್ಲರಿಗೆ ಪರಿಚಿತರಾದ ಪಚ್ಚಿಮಿರಿಯಂ ಆದಿಯಪ್ಪಯ್ಯನವರ ಪರಂಪರೆಗೆ ಸೇರಿದ ಮನೆತನವದು. ಹೀಗಾಗಿ ವೀಣೆಯು ಈ ಮಗುವಿಗೆ ಹೊರಗಿನಿಂದ ತಂದುಕೊಟ್ಟ ಅಲಂಕಾರವಾಗಿರಲಿಲ್ಲ. ತೊಟ್ಟಿಲಲ್ಲಿರುವಾಗಲೇ ಕಿವಿಗೆ ಬಿದ್ದದ್ದು ಅದರ ನಾದ.

ಮುಮ್ಮಡಿಯವರ ಕೈಯಿಂದ 1831ರಲ್ಲಿಯೇ ರಾಜ್ಯದ ಆಡಳಿತವು ಬ್ರಿಟಿಷರಿಗೆ ಹೋಗಿತ್ತು. ಅಧಿಕಾರವನ್ನು ಕಳೆದುಕೊಂಡ ಆ ದೊರೆ ತಮ್ಮ ಆಸ್ಥಾನವನ್ನು ವಿದ್ವಾಂಸರಿಂದ, ಕವಿಗಳಿಂದ, ಗಾಯಕ ವಾದಕರಿಂದ ತುಂಬಿದರು. ಅಂಥ ಆಸ್ಥಾನದಲ್ಲಿ ಒಂದು ಶಿವರಾತ್ರಿಯಂದು ನಡೆದ ಘಟನೆಯನ್ನು ಶೇಷಣ್ಣನವರ ಚರಿತ್ರೆ ಹೇಳುವವರೆಲ್ಲರೂ ಹೇಳುತ್ತಾರೆ. ಪರಸ್ಥಳದಿಂದ ಬಂದ ವಿದ್ವಾಂಸರೊಬ್ಬರು ಜಟಿಲವಾದ ಒಂದು ಪಲ್ಲವಿಯನ್ನು ಹಾಡಿ, ಅದನ್ನು ಹಾಗೆಯೇ ಮರಳಿ ಹಾಡಬಲ್ಲವರು ಸಭೆಯಲ್ಲಿದ್ದಾರೆಯೇ ಎಂದು ಸವಾಲು ಹಾಕಿದರಂತೆ. ಹಿರಿಯರು ಹಿಂಜರಿದಾಗ, ತಂದೆಯ ಪಕ್ಕದಲ್ಲಿ ಕುಳಿತಿದ್ದ ಸುಮಾರು ಹತ್ತು ವರ್ಷದ ಬಾಲಕ ಶೇಷಣ್ಣ ಆ ಪಲ್ಲವಿಯನ್ನು ತಪ್ಪಿಲ್ಲದೆ ಒಪ್ಪಿಸಿದ. ದೊರೆಯು ಹರ್ಷಗೊಂಡು ಮುತ್ತಿನ ಹಾರವನ್ನೂ ಶಾಲನ್ನೂ ಮಗುವಿಗೆ ಕೊಟ್ಟು ಗೌರವಿಸಿದರೆಂದು ಪ್ರತೀತಿ.

ಈ ಕಥೆಯನ್ನು ಕೇಳಿದವರು ಸಾಮಾನ್ಯವಾಗಿ ಬಾಲಕನ ಪ್ರತಿಭೆಯನ್ನು ಹೊಗಳಿ ಸುಮ್ಮನಾಗುತ್ತಾರೆ. ನಮಗಾದರೋ ಇದರಲ್ಲಿ ಎರಡು ಸಂಗತಿಗಳು ಗಮನಾರ್ಹವೆಂದು ತೋರುತ್ತದೆ. ಮೊದಲನೆಯದು, ಆ ಬಾಲಕ ಅಂದು ಗೆದ್ದದ್ದು ಬಾಯಿಯಿಂದಲ್ಲ, ಕಿವಿಯಿಂದ. ಬೇರೆಯವರು ಹಾಡುತ್ತಿದ್ದಾಗ ತನ್ನ ಮನಸ್ಸನ್ನು ಎಲ್ಲಿಯೂ ಹರಿಯಗೊಡದೆ, ಆದ್ಯಂತವಾಗಿ ಕೇಳಿಸಿಕೊಂಡಿದ್ದನಾದ್ದರಿಂದಲೇ ಅವನಿಗೆ ಮರಳಿ ಹಾಡುವುದು ಸಾಧ್ಯವಾಯಿತು. ಎರಡನೆಯದು, ಹತ್ತನೆಯ ವಯಸ್ಸಿಗೆ ರಾಜನಿಂದ ಮುತ್ತಿನ ಹಾರ ಪಡೆಯುವುದು ಮಗುವಿನ ಮಟ್ಟಿಗೆ ಸೌಭಾಗ್ಯವೆಂಬಷ್ಟೇ ಗಂಡಾಂತರವೂ ಹೌದು. ಬಾಲ್ಯದಲ್ಲಿಯೇ ದೊರೆತ ಹೊಗಳಿಕೆಯಿಂದ ತಲೆ ತಿರುಗಿ, ಯೌವನದಲ್ಲಿ ಹೆಸರಿಲ್ಲದೆ ಹೋದ ಮಕ್ಕಳನ್ನು ಪ್ರತಿಯೊಂದು ಊರಿನಲ್ಲಿಯೂ ಕಾಣಬಹುದು. ಶೇಷಣ್ಣನವರು ಹಾಗಾಗಲಿಲ್ಲ. ಏಕೆಂಬುದೇ ಈ ಲೇಖನದ ಪ್ರಶ್ನೆ.

ಹಾರಕ್ಕೆ ಮಣಿಯದ ವಾದ್ಯ

ಇದಕ್ಕೆ ಉತ್ತರವನ್ನು ವೀಣೆಯ ರಚನೆಯಲ್ಲಿಯೇ ಹುಡುಕಬೇಕು. ವೀಣೆಗೆ ನುಡಿಸುವ ತಂತಿಗಳು ನಾಲ್ಕು, ತಾಳದ ತಂತಿಗಳು ಮೂರು. ದಂಡಿಯ ಮೇಲೆ ಮೇಣದಲ್ಲಿ ಕೂರಿಸಿದ ಮೆಟ್ಟಿಲುಗಳು 24. ನುಡಿಸಲು ಕುಳಿತ ಮಗು ಮೊದಲು ಬಿರಡೆಗಳನ್ನು ತಿರುಗಿಸಿ ಏಳು ತಂತಿಗಳನ್ನೂ ಶ್ರುತಿಗೆ ತರಬೇಕು. ಒಂದು ತಂತಿ ಕೂದಲೆಳೆಯಷ್ಟು ಇಳಿದಿದ್ದರೂ ಮುಂದಿನದೆಲ್ಲವೂ ಅಪಶ್ರುತಿ. ಈ ಕೆಲಸವನ್ನು ನಿನ್ನೆ ಮಾಡಿದ್ದೆನೆಂದು ಇಂದು ಬಿಡುವಂತಿಲ್ಲ. ನಿನ್ನೆಯ ಶ್ರುತಿ ನಿನ್ನೆಗೇ ಮುಗಿಯಿತು. ಅರಮನೆಯ ವೈಣಿಕನಿಗೂ ಇಂದು ಸೇರಿದ ಬಾಲಕಿಗೂ ಇದೇ ಕಟ್ಟಳೆ.

ಬಳಿಕ ಸರಳೆ, ಜಂಟಿ, ಅಲಂಕಾರಗಳು. ಮಾಯಾಮಾಳವಗೌಳದಲ್ಲಿ ಆರಂಭಿಸುವ ಈ ಪಾಠಕ್ರಮವನ್ನು ಹಾಕಿಕೊಟ್ಟವರು ನಮ್ಮ ಪುರಂದರದಾಸರೆಂದು ಸಂಗೀತ ಸಂಪ್ರದಾಯ ಒಪ್ಪುತ್ತದೆ. ಎಡಗೈಯ ಬೆರಳ ತುದಿಗಳಲ್ಲಿ ತಂತಿಯ ಗೆರೆ ಮೂಡಿ, ಮೊದಲ ಕೆಲವು ವಾರ ನೋಯುತ್ತದೆ. ಗಮಕಕ್ಕಾಗಿ ತಂತಿಯನ್ನು ಎಳೆಯುವಾಗ, ಎಷ್ಟು ಎಳೆದರೆ ಮೇಲಿನ ಸ್ವರ ಸಿಗುತ್ತದೆಂಬುದಕ್ಕೆ ಯಾವ ಗುರುತೂ ಇಲ್ಲ, ಕಿವಿಯೊಂದೇ ಪ್ರಮಾಣ. ತಪ್ಪಿದರೆ ತಪ್ಪೆಂದು ಒಡನೆಯೇ ಕೇಳಿಸುತ್ತದೆ. ಅದನ್ನು ಮುಚ್ಚುವಂತಿಲ್ಲ, ಬೇರೆಯವರ ಮೇಲೆ ಹೊರಿಸುವಂತಿಲ್ಲ.

ಈ ಕೊನೆಯ ಮಾತಿನಲ್ಲಿಯೇ ವಾದ್ಯಾಭ್ಯಾಸದ ಶೀಲಪ್ರಭಾವವೆಲ್ಲ ಅಡಗಿದೆಯೆಂದು ನಮ್ಮ ಭಾವನೆ. ಮಗುವಿಗೆ ಹೊರಗಿನ ಪ್ರಪಂಚದಲ್ಲಿ ನೂರು ನೆಪಗಳಿವೆ. ಪ್ರಶ್ನಪತ್ರಿಕೆ ಕಠಿಣವಾಗಿತ್ತು, ಉಪಾಧ್ಯಾಯರು ಸರಿಯಾಗಿ ಹೇಳಿಕೊಡಲಿಲ್ಲ, ಪಕ್ಕದವನು ಮಾತನಾಡಿಸಿದ. ವೀಣೆಯ ಮುಂದೆ ಮಾತ್ರ ನೆಪಗಳಿಗೆ ಎಡೆಯಿಲ್ಲ. ಅಲ್ಲಿ ಕೇಳಿಸಿದ ಅಪಸ್ವರ ತನ್ನದೇ, ತಿದ್ದಿಕೊಳ್ಳಬೇಕಾದವನೂ ತಾನೇ. ದೊರೆಯಿತ್ತ ಹಾರವನ್ನು ಕೊರಳಿಗೆ ಹಾಕಿಕೊಂಡು ಕುಳಿತರೂ ಇಳಿದ ತಂತಿ ತಾನಾಗಿ ಏರುವುದಿಲ್ಲ. ಪ್ರಶಂಸೆಯ ಅಮಲಿಗೆ ವಾದ್ಯಕ್ಕಿಂತ ಉತ್ತಮವಾದ ಮದ್ದಿಲ್ಲ.

ರೈಲ್ವೆಯಲ್ಲಿ ಸೇವೆ ಸಲ್ಲಿಸಿದ ನಮಗೆ ಇಲ್ಲಿ ಒಂದು ನೆನಪು ಬರುತ್ತದೆ. ದೊಡ್ಡ ನಿಲ್ದಾಣಗಳಲ್ಲಿ ಗಾಡಿ ನಿಂತಾಗ ಒಬ್ಬ ಕೆಲಸಗಾರ ಉದ್ದ ಹಿಡಿಯ ಸುತ್ತಿಗೆಯಿಂದ ಗಾಲಿಗಳನ್ನು ಒಂದೊಂದಾಗಿ ತಟ್ಟುತ್ತ ಹೋಗುವುದನ್ನು ಓದುಗರಲ್ಲಿ ಹಿರಿಯರು ನೋಡಿರಬಹುದು. ಗಟ್ಟಿಯಾದ ಗಾಲಿ ಗಂಟೆಯಂತೆ ಉಲಿಯುತ್ತದೆ. ಒಳಗೆ ಬಿರುಕಿದ್ದರೆ ದನಿ ಮೊಂಡಾಗುತ್ತದೆ. ನಾವು ಸೇವೆಗೆ ಸೇರಿದ ಹೊಸದರಲ್ಲಿ ಒಮ್ಮೆ ನಡುರಾತ್ರಿಯಲ್ಲಿ, ಶಾಲೆಯ ಮೆಟ್ಟಿಲನ್ನೂ ಹೆಚ್ಚು ಹತ್ತದ ಅಂಥ ಒಬ್ಬ ವೃದ್ಧರು ಒಂದು ಗಾಲಿಯ ಬಳಿ ನಿಂತು, ಎರಡು ಸಲ ತಟ್ಟಿ, ಆ ಬಂಡಿಯನ್ನು ಗಾಡಿಯಿಂದ ಬಿಡಿಸಿದರು. ಅಧಿಕಾರಿಗಳಾದ ನಮಗೆ ಎರಡು ದನಿಗಳ ವ್ಯತ್ಯಾಸವೇ ತಿಳಿದಿರಲಿಲ್ಲ. ಕೇಳುವ ಅಭ್ಯಾಸವುಳ್ಳ ಕಿವಿಗೆ ಮಾತ್ರ ಬಿರುಕು ತಿಳಿಯುತ್ತದೆ. ತನ್ನೊಳಗಿನ ಬಿರುಕನ್ನು ತಾನೇ ಕೇಳಿಸಿಕೊಳ್ಳಬಲ್ಲ ಕಿವಿಯನ್ನು ಮಗುವಿಗೆ ಕೊಡುವುದೇ ವಾದ್ಯಾಭ್ಯಾಸದ ದೊಡ್ಡ ಲಾಭ.

ತಂದೆಯಿಲ್ಲದ ಮನೆಯಲ್ಲಿ ನಿಲ್ಲದ ಪಾಠ

ಶೇಷಣ್ಣನವರು ಎಳೆಯರಾಗಿದ್ದಾಗಲೇ ತಂದೆ ಚಿಕ್ಕರಾಮಪ್ಪನವರು ಕಾಲವಾದರು. ಗಳಿಸುವ ಯಜಮಾನ ಹೋದ ಮನೆಯಲ್ಲಿ ಮಗುವಿನ ಪಾಠ ನಿಲ್ಲುವುದು ಲೋಕದಲ್ಲಿ ಸಹಜ. ಆ ಮನೆಯಲ್ಲಿ ಹಾಗಾಗಲಿಲ್ಲ. ಅಕ್ಕ ವೆಂಕಮ್ಮನವರು ಸ್ವತಃ ವೀಣೆಯನ್ನು ಬಲ್ಲವರು. ತಮ್ಮನ ಸಾಧನೆ ಅವರ ಕಣ್ಗಾವಲಿನಲ್ಲಿ ಮುಂದುವರಿಯಿತೆಂದು ಪರಂಪರೆ ನೆನೆಯುತ್ತದೆ. ವೀಣೆಯಲ್ಲಿ ದೊಡ್ಡ ಶೇಷಣ್ಣನವರು ಗುರುಗಳಾದರು. ಗಾಯನವನ್ನು ಮೈಸೂರು ಸದಾಶಿವರಾಯರಲ್ಲಿ ಕಲಿತರು. ಸದಾಶಿವರಾಯರು ತ್ಯಾಗರಾಜರ ನೇರ ಶಿಷ್ಯರಾದ ವಾಲಾಜಾಪೇಟೆ ವೆಂಕಟರಮಣ ಭಾಗವತರ ಶಿಷ್ಯರು. ವೀಣೆ ನುಡಿಸುವವನಿಗೆ ಗಾಯನವೇಕೆಂದು ಕೇಳಬಹುದು. ಸಾಹಿತ್ಯದ ಅರ್ಥವನ್ನೂ ಉಸಿರಿನ ನಡೆಯನ್ನೂ ಬಲ್ಲವನ ಬೆರಳಿನಲ್ಲಿ ಮಾತ್ರ ತಂತಿಯು ಮಾತನಾಡುತ್ತದೆಂಬುದು ಹಿರಿಯರ ಅನುಭವ.

ಮುಮ್ಮಡಿಯವರು 1868ರಲ್ಲಿ ತೀರಿಕೊಂಡಾಗ ಶೇಷಣ್ಣನವರಿಗೆ ಹದಿನಾರರ ಪ್ರಾಯ. ಪಟ್ಟಕ್ಕೆ ಬಂದ ಚಾಮರಾಜೇಂದ್ರ ಒಡೆಯರು ಐದು ವರ್ಷದ ಶಿಶು. ನಮ್ಮ ಹೈದರಾಬಾದಿನ ಓದುಗರಿಗೆ ಇಲ್ಲಿ ಒಂದು ಸಾಮ್ಯವನ್ನು ನೆನಪಿಸಬಹುದು. ಮರುವರ್ಷವೇ, 1869ರಲ್ಲಿ, ಇಲ್ಲಿಯೂ ಮೀರ್ ಮಹಬೂಬ್ ಅಲಿ ಖಾನರು ಹಾಲುಗಲ್ಲದ ಮಗುವಾಗಿದ್ದಾಗಲೇ ಆರನೆಯ ನಿಜಾಮರಾದರು. ಅವರ ಪರಿಚಾರಕರಾಗಿದ್ದ ಆರ್ಮೇನಿಯದ ಆಲ್ಬರ್ಟ್ ಅಬಿದರ ಅಂಗಡಿಯಿಂದಲೇ ನಮ್ಮ ಈ ಅಬಿಡ್ಸ್‌ಗೆ ಹೆಸರು ಬಂದದ್ದು. ಮೈಸೂರಿನಲ್ಲಿ ದೊರೆಯ ಕೈಗೆ ಆಡಳಿತ ಮರಳಿದ್ದು 1881ರಲ್ಲಿ. ಅಂದರೆ ಶೇಷಣ್ಣನವರ ಹದಿನಾರರಿಂದ ಇಪ್ಪತ್ತೊಂಬತ್ತರವರೆಗಿನ ವರ್ಷಗಳು, ಸಾಧನೆಗೆ ಅತಿ ಮುಖ್ಯವಾದ ಆ ಹದಿಮೂರು ವರ್ಷಗಳು, ಬಾಲ್ಯದಲ್ಲಿ ತಮ್ಮನ್ನು ಮೆಚ್ಚಿದ ದೊರೆಯಿಲ್ಲದ ವರ್ಷಗಳು. ಮೆಚ್ಚುವವರಿಗಾಗಿ ಮಾತ್ರ ನುಡಿಸುವವನಾಗಿದ್ದರೆ ಆ ಅವಧಿಯಲ್ಲಿ ವೀಣೆ ಗೂಟಕ್ಕೆ ಸೇರುತ್ತಿತ್ತು. ಅವರು ಸಾಧನೆ ಬಿಡಲಿಲ್ಲ. ವೀಣೆಯೊಡನೆ ಪಿಟೀಲು, ಸ್ವರಬತ್, ಜಲತರಂಗ, ಪಿಯಾನೊಗಳಲ್ಲಿಯೂ ಕೈ ಪಳಗಿಸಿಕೊಂಡರು.

ಆಸ್ಥಾನದಲ್ಲಿ

ಪ್ರಾಪ್ತವಯಸ್ಕರಾದ ಚಾಮರಾಜೇಂದ್ರ ಒಡೆಯರು ಸಂಗೀತಪ್ರಿಯರು. ಸ್ವತಃ ಪಿಟೀಲು ನುಡಿಸುತ್ತಿದ್ದವರು. ಅವರ ಕಾಲದಲ್ಲಿಯೂ, 1902ರಿಂದ ಆಳಿದ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿಯೂ ಮೈಸೂರು ಆಸ್ಥಾನವೆಂದರೆ ವೀಣೆ, ವೀಣೆಯೆಂದರೆ ಶೇಷಣ್ಣ ಮತ್ತು ಸುಬ್ಬಣ್ಣ ಎಂಬಂತಾಯಿತು. ವೀಣೆ ಸುಬ್ಬಣ್ಣನವರು ಗುರು ದೊಡ್ಡ ಶೇಷಣ್ಣನವರ ಪುತ್ರರು. ಒಂದೇ ಆಸ್ಥಾನ, ಒಂದೇ ವಾದ್ಯ, ಒಂದೇ ಕಾಲ. ಇಬ್ಬರು ಸಮರ್ಥರ ನಡುವೆ ಮತ್ಸರ ಹುಟ್ಟಲು ಇದಕ್ಕಿಂತ ಫಲವತ್ತಾದ ನೆಲ ಬೇಕೆ? ಆದರೂ ಲೋಕವು ಅವರಿಬ್ಬರನ್ನು ನೆನೆಯುವುದು ಒಟ್ಟಿಗೆ ಕುಳಿತು ನುಡಿಸಿದ ಜೋಡಿಯೆಂದೇ.

ಜೊತೆಯಾಗಿ ನುಡಿಸುವುದು ಒಂದು ದೊಡ್ಡ ಶಿಕ್ಷಣ. ಎರಡು ವೀಣೆಗಳು ಒಂದೇ ಶ್ರುತಿಯಲ್ಲಿ ನಿಲ್ಲಬೇಕಾದರೆ, ಇಬ್ಬರೂ ತಮ್ಮ ವಾದ್ಯವನ್ನು ಕೇಳುವಷ್ಟೇ ಶ್ರದ್ಧೆಯಿಂದ ಪಕ್ಕದ ವಾದ್ಯವನ್ನೂ ಕೇಳಬೇಕು. ಮುಂದೆ ಹೋಗಬಲ್ಲವನು ತಡೆದು ನಿಲ್ಲಬೇಕು. ಹಿಂದುಳಿದವನು ಮುನಿಸಿಲ್ಲದೆ ಕೂಡಿಕೊಳ್ಳಬೇಕು. ಒಂದೇ ಮಗುವಿನ ಸಂಸಾರಗಳು ಹೆಚ್ಚಿರುವ ಇಂದಿನ ನಗರಗಳಲ್ಲಿ, ಒಬ್ಬರಿಗಾಗಿ ತಾಳಿಕೊಳ್ಳುವ ಈ ಪಾಠವನ್ನು ಮಕ್ಕಳು ಬೇರೆಲ್ಲಿ ಕಲಿಯಬೇಕೆಂಬುದನ್ನು ಓದುಗರೇ ಯೋಚಿಸಲಿ.

ನಾಲ್ವಡಿಯವರು ಶೇಷಣ್ಣನವರಿಗೆ ವೈಣಿಕ ಶಿಖಾಮಣಿ ಎಂಬ ಬಿರುದನ್ನಿತ್ತರು. ಅವರ ಸ್ವರಜತಿಗಳು, ವರ್ಣಗಳು, ತಿಲ್ಲಾನಗಳು ಇಂದಿಗೂ ಕಚೇರಿಗಳಲ್ಲಿ ಕೇಳಬರುತ್ತವೆ. ಹೊರಸಂಸ್ಥಾನಗಳಿಂದಲೂ ಕರೆಗಳು ಬರತೊಡಗಿದವು.

ಪಲ್ಲಕ್ಕಿಯ ಪ್ರಸಂಗ

ಅಂಥ ಕರೆಗಳಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರದೂ ಒಂದು. ಶೇಷಣ್ಣನವರ ವಾದನಕ್ಕೆ ಮಾರುಹೋದ ಮಹಾರಾಜರು, ಅವರನ್ನು ಪಲ್ಲಕ್ಕಿಯಲ್ಲಿ ಕುಳ್ಳಿರಿಸಿ ಮೆರವಣಿಗೆ ಮಾಡಬೇಕೆಂದು ಏರ್ಪಾಡು ಮಾಡಿಸಿದರು. ಪಲ್ಲಕ್ಕಿ ಬಂದು ನಿಂತಿತು. ಶೇಷಣ್ಣನವರು ಅದನ್ನು ಏರಲಿಲ್ಲ. ತಮ್ಮ ವೀಣೆಯನ್ನು ತಂದು ಪಲ್ಲಕ್ಕಿಯೊಳಗಿಟ್ಟು, ತಾವು ಅದರ ಪಕ್ಕದಲ್ಲಿ ನಡೆದುಬಂದರು. ಈ ಪ್ರಸಂಗವನ್ನು ಮೈಸೂರಿನ ಸಂಗೀತಪ್ರಿಯರು ಇಂದಿಗೂ ಹೇಳಿ ತಣಿಯರು.

ರಾಜನ ಮರ್ಯಾದೆಯನ್ನು ನಿರಾಕರಿಸಿದರೆ ಅವಿನಯವಾಗುತ್ತಿತ್ತು. ಸ್ವೀಕರಿಸಿ ತಾವೇ ಕುಳಿತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಮರ್ಯಾದೆಯನ್ನು ಸ್ವೀಕರಿಸಿದರು. ಆದರೆ ಅದು ಸಲ್ಲಬೇಕಾದ ಸ್ಥಾನಕ್ಕೆ ಸಲ್ಲಿಸಿದರು. ಹತ್ತನೆಯ ವಯಸ್ಸಿನ ಮುತ್ತಿನ ಹಾರಕ್ಕೂ ಬರೋಡದ ಪಲ್ಲಕ್ಕಿಗೂ ನಡುವಣ ದೂರವೇ ಅವರ ಶೀಲದ ಚರಿತ್ರೆ. ಹಾರ ಬಾಲಕನ ಕೊರಳಿಗೆ ಬಿದ್ದಿತ್ತು. ಪಲ್ಲಕ್ಕಿಯ ಹೊತ್ತಿಗೆ, ಗೌರವವೆಂಬುದು ತನ್ನದಲ್ಲ, ತಾನು ಸೇವಿಸುವ ವಿದ್ಯೆಯದೆಂಬ ತಿಳಿವಳಿಕೆ ಅವರಲ್ಲಿ ನೆಲೆಗೊಂಡಿತ್ತು. ಇದನ್ನು ಅವರಿಗೆ ಯಾರೂ ಉಪದೇಶದಿಂದ ಕಲಿಸಿರಲಾರರು. ದಿನನಿತ್ಯ ಬಿರಡೆ ತಿರುಗಿಸಿ ಶ್ರುತಿ ಕೂಡಿಸುತ್ತ, ದಿನನಿತ್ಯ ತಪ್ಪುತ್ತ, ತಿದ್ದಿಕೊಳ್ಳುತ್ತ, ತನಗಿಂತ ದೊಡ್ಡದೊಂದರ ಮುಂದೆ ಕುಳಿತಿದ್ದೇನೆಂಬ ಅರಿವು ದಶಕಗಳ ಕಾಲ ಬೆಳೆದು ಬಂದದ್ದದು. ನಾವು ಮಾಧ್ವರಿಗೆ ಇದು ಅಪರಿಚಿತ ಭಾವವಲ್ಲ. ಜೀವನು ಸ್ವತಂತ್ರನಲ್ಲ, ತಾನು ಮಾಡಿದೆನೆಂಬ ಕರ್ತೃತ್ವಾಭಿಮಾನ ಸಲ್ಲದೆಂದು ನಾವು ನಿತ್ಯವೂ ಪಾಠ ಕೇಳುತ್ತೇವೆ. ಕೇಳಿದ್ದನ್ನು ನಡೆದು ತೋರಿಸಲು ಮಾತ್ರ ನಮಗೆ ಪಲ್ಲಕ್ಕಿಯ ಪಕ್ಕದ ಧೂಳು ಹಿತವಾಗಿ ಕಾಣುವುದಿಲ್ಲ.

ಮುಂದೆ 1911ರ ದೆಹಲಿ ದರ್ಬಾರಿನ ಸಂದರ್ಭದಲ್ಲಿಯೂ ಅವರ ವೀಣೆ ಮೊಳಗಿತು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನಡೆದಾಗ ಎಪ್ಪತ್ತೆರಡರ ವೃದ್ಧರಾದ ಶೇಷಣ್ಣನವರು ಅಲ್ಲಿಗೂ ಹೋಗಿ ನುಡಿಸಿದರು. ಚಕ್ರವರ್ತಿಯ ದರ್ಬಾರಿಗೂ ಖಾದಿಯ ಚಪ್ಪರಕ್ಕೂ ಅವರು ಕೊಂಡೊಯ್ದದ್ದು ಒಂದೇ ವೀಣೆ, ಕೂಡಿಸಿದ್ದು ಒಂದೇ ಶ್ರುತಿ. ಕೇಳುವವರು ಯಾರೆಂದು ನೋಡಿ ತಂತಿ ತನ್ನ ಶ್ರುತಿಯನ್ನು ಬದಲಿಸುವುದಿಲ್ಲ. ಅದನ್ನು ಕೂಡಿಸುವವನಿಗೂ ಆ ಸಮತೆ ಬಂದರೆ ಆಶ್ಚರ್ಯವಿಲ್ಲ.

ಶಿಷ್ಯಪರಂಪರೆ

ಶೇಷಣ್ಣನವರು 1926ರಲ್ಲಿ ದೈವಾಧೀನರಾದರು. ಅವರ ವಿದ್ಯೆ ಅವರೊಡನೆ ಹೋಗಲಿಲ್ಲ. ವೆಂಕಟಗಿರಿಯಪ್ಪನವರು, ಭೈರವಿ ಲಕ್ಷ್ಮೀನಾರಣಪ್ಪನವರು, ಮೊಮ್ಮಗ ಸ್ವರಮೂರ್ತಿ ವಿ. ಎನ್. ರಾವ್ ಅವರು ಮೊದಲಾದವರು ಅದನ್ನು ಉಳಿಸಿದರು. ವೆಂಕಟಗಿರಿಯಪ್ಪನವರ ಶಿಷ್ಯರು ಮೈಸೂರು ದೊರೆಸ್ವಾಮಿ ಅಯ್ಯಂಗಾರ್ಯರು. 1984ರಲ್ಲಿ ಮದ್ರಾಸು ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಪ್ರಶಸ್ತಿ ಪಡೆದು, 1997ರಲ್ಲಿ ತೀರಿಕೊಂಡ ಅವರ ಆಕಾಶವಾಣಿ ಕಚೇರಿಗಳನ್ನು ನಮ್ಮ ಪೀಳಿಗೆಯವರು ಕೇಳಿ ಆನಂದಿಸಿದ್ದೇವೆ. ಆರ್ಭಟವಿಲ್ಲದ, ಪ್ರತಿಯೊಂದು ಮೀಟೂ ಸ್ಪಷ್ಟವಾದ ಆ ನುಡಿಸಾಣಿಕೆಯಲ್ಲಿ ಶೇಷಣ್ಣನವರ ಮನೆಯ ಶಿಸ್ತು ಎರಡು ತಲೆಮಾರು ದಾಟಿ ಬಂದದ್ದನ್ನು ಕಾಣಬಹುದಿತ್ತು. ಕಲಿತವನು ಕಲಿಸಲೇಬೇಕೆಂಬ ಋಣಪ್ರಜ್ಞೆಯೂ ಶೀಲದ ಒಂದು ಅಂಗವೇ.

ಒಂದು ಆಕ್ಷೇಪ

ಇಷ್ಟನ್ನು ಓದಿದವರು ಒಂದು ಆಕ್ಷೇಪವನ್ನು ಎತ್ತಬಹುದು. ವಾದ್ಯ ಕಲಿತವರೆಲ್ಲರೂ ಶೇಷಣ್ಣನವರಂತೆ ವಿನಯಶೀಲರೇ? ಬೆರಳಲ್ಲಿ ಸರಸ್ವತಿ, ನಾಲಿಗೆಯಲ್ಲಿ ಅಹಂಕಾರವಿರುವ ಕಲಾವಿದರಿಲ್ಲವೆ? ಇದ್ದಾರೆ, ನಾವೂ ಕಂಡಿದ್ದೇವೆ. ವಾದ್ಯಕ್ಕೆ ಮಂತ್ರಶಕ್ತಿಯುಂಟೆಂದು ನಾವು ವಾದಿಸುವುದಿಲ್ಲ. ಸಂಗೀತ ಕಲಿತರೆ ಗಣಿತದಲ್ಲಿ ಅಂಕಗಳು ಏರುತ್ತವೆಂದು ಕೆಲವರು ಹೇಳುವ ಮಾತಿಗೂ ನಾವು ಜೋತುಬೀಳುವುದಿಲ್ಲ. ಅಂಕಕ್ಕಾಗಿ ವೀಣೆ ಕಲಿಸುವುದು ಪ್ರಸಾದದ ಆಸೆಗೆ ಪೂಜೆ ಮಾಡಿದಂತೆ.

ಶೇಷಣ್ಣನವರನ್ನು ರೂಪಿಸಿದ್ದು ವೀಣೆಯೊಂದೇ ಅಲ್ಲ. ವೀಣೆ ಕಲಿತ ರೀತಿ. ಅವರಿಗೆ ಪ್ರತಿ ಪಾಠದ ಬೆನ್ನಿಗೂ ವೇದಿಕೆಯಿರಲಿಲ್ಲ. ತಪ್ಪಿದಾಗ ತಿದ್ದುವ ಅಕ್ಕನಿದ್ದಳು. ಮಗನಿಗೂ ಶಿಷ್ಯನಿಗೂ ಭೇದವಿಲ್ಲದೆ ವಿದ್ಯೆಯಿತ್ತ ಗುರುವಿದ್ದರು. ವಾದ್ಯವನ್ನು ದೇವತೆಯೆಂದು ಕಾಣುವ ಮನೆಯಿತ್ತು. ಇವು ಕೂಡಿದಾಗ ವಾದ್ಯಾಭ್ಯಾಸ ಸಂಸ್ಕಾರವಾಗುತ್ತದೆ. ಇಲ್ಲದಿದ್ದರೆ ಅದೊಂದು ಕಸರತ್ತು. ವೀಣಾವಾದನದ ತತ್ತ್ವವನ್ನೂ ಶ್ರುತಿ, ತಾಳಗಳನ್ನೂ ಬಲ್ಲವನಿಗೆ ಮೋಕ್ಷಮಾರ್ಗ ಸುಲಭವಾಗುತ್ತದೆಂದು ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ಅಲ್ಲಿ ತತ್ತ್ವವನ್ನು ಬಲ್ಲವನೆಂದು ಹೇಳಿದೆಯೇ ಹೊರತು ಬರಿದೆ ನುಡಿಸಬಲ್ಲವನೆಂದಲ್ಲ. ನವಕೋಟಿ ನಾರಾಯಣನೆನಿಸಿದ್ದ ಶ್ರೀನಿವಾಸ ನಾಯಕರು ಎಲ್ಲವನ್ನೂ ತ್ಯಜಿಸಿ ಪುರಂದರದಾಸರಾದಾಗ ಕೈಯಲ್ಲಿ ಹಿಡಿದದ್ದು ತಂಬೂರಿಯನ್ನು. ಆ ತಂಬೂರಿ ನುಡಿಸುವುದು ಆಧಾರ ಶ್ರುತಿಯೊಂದನ್ನೇ. ಹೆಚ್ಚು ನುಡಿಸುವುದಕ್ಕಿಂತ ಶ್ರುತಿಯಲ್ಲಿ ನಿಲ್ಲುವುದು ಹೆಚ್ಚಿನದೆಂಬುದಕ್ಕೆ ದಾಸರ ತಂಬೂರಿಯೇ ಸಾಕ್ಷಿ.

ನಮ್ಮ ಮನೆಯ ಮಾತು

ಈಗ ನಮ್ಮ ಮಾತನ್ನು ಹೇಳಿಬಿಡುವುದು ಒಳಿತು. ನಾವು ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾಗ ಎಂಟು ವರ್ಷದ ಮಗನಿಗೆ ಪಿಟೀಲಿನ ಪಾಠ ಆರಂಭಿಸಿದೆವು. ಗುಂತಕಲ್ಲಿಗೆ ವರ್ಗವಾಯಿತು, ಅಲ್ಲಿಯೂ ಗುರುಗಳನ್ನು ಹುಡುಕಿದೆವು. ಸಿಕಂದರಾಬಾದಿಗೆ ಬಂದೆವು, ಇಲ್ಲಿಯೂ ಪಾಠ ನಡೆಯಿತು. ಊರು, ಶಾಲೆ, ಸ್ನೇಹಿತರು, ಭಾಷೆ ಎಲ್ಲವೂ ಬದಲಾಗುತ್ತಿದ್ದ ಆ ಮಗುವಿಗೆ ಬದಲಾಗದೆ ಜೊತೆಗೆ ಬಂದದ್ದು ಆ ಪೆಟ್ಟಿಗೆಯೊಂದೇ ಎಂಬುದು ಆಗ ನಮಗೆ ಹೊಳೆಯಲಿಲ್ಲ. ಹತ್ತನೆಯ ತರಗತಿಗೆ ಬಂದಾಗ, ಎರಡು ವರ್ಷದ ಮಟ್ಟಿಗೆಂದು ಹೇಳಿ, ಪಾಠವನ್ನು ನಿಲ್ಲಿಸಿದೆವು. ಪೆಟ್ಟಿಗೆ ಅಟ್ಟಕ್ಕೆ ಹೋಯಿತು. ಆ ಎರಡು ವರ್ಷ ಮುಗಿಯಲೇ ಇಲ್ಲ.

ಮಗ ಚೆನ್ನಾಗಿ ಓದಿದ, ಒಳ್ಳೆಯ ಉದ್ಯೋಗದಲ್ಲಿದ್ದಾನೆ. ಲೌಕಿಕವಾಗಿ ಏನೂ ನಷ್ಟವಾಗಲಿಲ್ಲ. ಆದರೂ ಒಂದು ಮಾತನ್ನು ಮರೆಮಾಚಲಾರೆವು. ಪಿಟೀಲು ನುಡಿಸುತ್ತಿದ್ದ ದಿನಗಳಲ್ಲಿ ಅವನು ತಪ್ಪಿದಾಗ ಯಾರೂ ಹೇಳದೆಯೇ ನಿಲ್ಲಿಸಿ, ಅದೇ ಸಂಗತಿಯನ್ನು ಮೊದಲಿನಿಂದ ಹಿಡಿಯುತ್ತಿದ್ದ. ಮುಖದಲ್ಲಿ ಸಿಡುಕಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಪಾಠ ನಿಂತ ಬಳಿಕ, ಪರೀಕ್ಷೆಯೊಂದರಲ್ಲಿ ಎಣಿಸಿದಷ್ಟು ಅಂಕ ಬಾರದಿದ್ದಾಗ, ಅವನು ಎರಡು ದಿನ ಕೋಣೆಯ ಬಾಗಿಲು ತೆರೆಯಲಿಲ್ಲ. ತಪ್ಪೆಂಬುದು ತಿದ್ದಿಕೊಳ್ಳುವ ವಸ್ತುವಾಗಿದ್ದದ್ದು ಅವಮಾನದ ವಸ್ತುವಾಗಿತ್ತು. ಇದಕ್ಕೆ ಪಿಟೀಲು ನಿಂತದ್ದೇ ಕಾರಣವೆಂದು ನಾವು ಪ್ರಮಾಣ ಮಾಡಿ ಹೇಳಲಾರೆವು. ವಯಸ್ಸಿನ ಧರ್ಮವೂ ಇರಬಹುದು. ಆದರೆ ದಿನಕ್ಕೆ ಅರ್ಧ ಗಂಟೆ ತಪ್ಪಿ ತಿದ್ದಿಕೊಳ್ಳಲು ಅವನಿಗಿದ್ದ ಒಂದು ಸ್ಥಳವನ್ನು ನಾವೇ ಕೈಯಾರೆ ಮುಚ್ಚಿದೆವೆಂಬುದು ನಿಜ. ಹೋದ ವರ್ಷ ಮನೆಗೆ ಬಂದವನು ಅಟ್ಟದಿಂದ ಪೆಟ್ಟಿಗೆ ಇಳಿಸಿದ. ತಂತಿಗಳು ತುಕ್ಕು ಹಿಡಿದಿದ್ದವು, ಕುದುರೆ ಬಿದ್ದಿತ್ತು. ಅವನು ಏನೂ ಅನ್ನದೆ, ಅದನ್ನು ದುರಸ್ತಿಗೆ ಕೊಟ್ಟು, ತನ್ನ ಮಗಳಿಗಾಗಿ ತೆಗೆದುಕೊಂಡು ಹೋದ. ಅವನು ನಮ್ಮನ್ನು ದೂರಿದ್ದರೆ ಮನಸ್ಸಿಗೆ ಇಷ್ಟು ಭಾರವಾಗುತ್ತಿರಲಿಲ್ಲ.

ಪೋಷಕರಿಗೆ ಬಿನ್ನಹ

ಆ ಗೃಹಸ್ಥರಿಗೆ ಈಗ ನಮ್ಮ ಉತ್ತರ ಸಿದ್ಧವಾಗಿದೆ. ಪರೀಕ್ಷೆಯ ವರ್ಷದಲ್ಲಿ ಕಚೇರಿ, ಸ್ಪರ್ಧೆ, ಹೊಸ ಕೃತಿಗಳ ಪಾಠ ಇವನ್ನೆಲ್ಲ ಬೇಕಾದರೆ ಕಡಿಮೆ ಮಾಡಿರಿ. ದಿನಕ್ಕೆ ಅರ್ಧ ಗಂಟೆಯ ಸಾಧನೆಯನ್ನು ಮಾತ್ರ ನಿಲ್ಲಿಸಬೇಡಿರಿ. ಶ್ರುತಿ ಕೂಡಿಸಿ, ಒಂದು ವರ್ಣವನ್ನು ನಿಧಾನವಾಗಿ ನುಡಿಸಿದರೂ ಸಾಕು. ಶ್ರುತಿಯನ್ನು ಮಗುವೇ ಕೂಡಿಸಲಿ. ಯಂತ್ರವೋ ತಾಯಿಯೋ ಕೂಡಿಸಿಕೊಟ್ಟರೆ ಅರ್ಧ ಪಾಠ ಹೋದಂತೆಯೇ. ವೈಶಾಖದ ಬಿಸಿಲಿಗೆ ಮೇಣ ಮೆತ್ತಗಾಗಿ ಮೆಟ್ಟಿಲುಗಳು ಅಲುಗಾಡಿಯಾವು. ವೀಣೆಯನ್ನು ಕಿಟಕಿಯ ಬಳಿ ಇಡದಂತೆ ನೋಡಿಕೊಳ್ಳುವ ಹೊಣೆಯೂ ಮಗುವಿನದೇ ಆಗಲಿ. ಪ್ರತಿಯೊಂದು ಪಾಠಕ್ಕೂ ಚಪ್ಪಾಳೆ ತಟ್ಟಬೇಡಿರಿ. ಗುರುಗಳು ತಿದ್ದಿದಾಗ ಮಗುವಿನ ಪಕ್ಷ ವಹಿಸಬೇಡಿರಿ. ಹೆಣ್ಣುಮಗು ಮದುವೆಯಾಗಿ ಹೋದಮೇಲೆ ವೀಣೆ ಏಕೆಂದು ಕೇಳುವವರಿಗೆ, ಶೇಷಣ್ಣನವರ ಅಕ್ಕ ವೆಂಕಮ್ಮನವರನ್ನು ನೆನಪಿಸಿರಿ. ಆಕೆಗೆ ವೀಣೆ ಬಾರದಿದ್ದರೆ ತಂದೆಯಿಲ್ಲದ ಆ ಬಾಲಕನನ್ನು ಮನೆಯಲ್ಲಿ ತಿದ್ದುವವರು ಯಾರಿರುತ್ತಿದ್ದರು?

ನಮ್ಮ ಮಕ್ಕಳೆಲ್ಲರೂ ವೈಣಿಕ ಶಿಖಾಮಣಿಗಳಾಗಬೇಕಾಗಿಲ್ಲ, ಆಗುವುದೂ ಇಲ್ಲ. ಆದರೆ ಪ್ರತಿಯೊಬ್ಬರ ಬಾಳಿನಲ್ಲಿಯೂ, ಚಿಕ್ಕದೋ ದೊಡ್ಡದೋ, ಒಂದು ಪಲ್ಲಕ್ಕಿ ಎಂದಾದರೊಮ್ಮೆ ಬಂದು ನಿಲ್ಲುತ್ತದೆ. ಬಡ್ತಿ, ಬಿರುದು, ಹಣ, ಹತ್ತು ಜನರ ಹೊಗಳಿಕೆ. ಅಂದು ಒಳಗೆ ಯಾರನ್ನು ಕುಳ್ಳಿರಿಸಬೇಕು, ತಾನೆಲ್ಲಿ ನಡೆಯಬೇಕೆಂಬುದನ್ನು ಅಂದೇ ಕಲಿಯಲಾಗದು. ಎಂಟನೆಯ ವಯಸ್ಸಿನಿಂದ, ತುಸು ನೋಯುವ ಬೆರಳುಗಳಿಂದ, ದಿನಕ್ಕೆ ಅರ್ಧ ಗಂಟೆಯಂತೆ ಕಲಿತಿರಬೇಕು. ಆ ಅರ್ಧ ಗಂಟೆಯನ್ನು ಮಕ್ಕಳಿಂದ ಕಸಿಯದಿರುವ ವಿವೇಕವನ್ನು ಶ್ರೀಹರಿವಾಯುಗುರುಗಳು ನಮ್ಮೆಲ್ಲರಿಗೂ ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು